ಲಾಟ್ ಅರವತ್ತೊಂದು

ಮೇ 3, ಮಧ್ಯಾಹ್ನ
ಲ್ಯಾಬಿನಲ್ಲಿ ನಾಲ್ಕು ಕಟ್ಟುಹಲ್ಲಿನ ಸೆಟ್ಟು ಪಾಲಿಶ್ ಆಯ್ತು. ಉಗುರಲ್ಲೆಲ್ಲ ಪ್ಲಾಸ್ಟರ್. ಊಟಕ್ಕೆ ಕೂತು ಹರಾಜಿನ ಕ್ಯಾಟಲಾಗ್ ಬಿಚ್ಚಿದೆ. ಹದಿನೇಳು ವರ್ಷದಿಂದ ಬಿಚ್ಚುತ್ತಲೇ ಇದ್ದೀನಿ. ಲಾಟ್ 61: ಗ್ರಾಮಫೋನ್ ಪ್ಲೇಟು, ಒಂದು, ಲೇಬಲ್ ಅರ್ಧ ಹರಿದಿದೆ. ಕೆಳಗೆ ಅಕ್ಕನ ಹೆಸರು!

ಅಕ್ಕ ಇಪ್ಪತ್ತನೇ ವಯಸ್ಸಲ್ಲಿ ಹಾಡಿದ ಒಂದೇ ಪ್ಲೇಟು. ಮನೇಲಿದ್ದದ್ದನ್ನ ಒಡೆದದ್ದು ನಾನು. ಆಗ ಎಂಟು ವರ್ಷ, ಪ್ಲೇಟು ಇಟ್ಟಿದ್ದ ಮಂಚದ ಮೇಲೆ ಕುಣೀತಿದ್ದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 6
ಅಕ್ಕನ ಗಂಟಲ ಗಡ್ಡೆ ರಿಪೋರ್ಟ್ ಬಂತು. ಡಾಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಹದಿನಾಲ್ಕಕ್ಕೆ ಆಪರೇಷನ್. ಹರಾಜು ಹದಿಮೂರಕ್ಕೆ! ಧ್ವನಿ ಹೋಗೋ ಮುಂಚೆ ಪ್ಲೇಟು ಅವಳ ಕೈಯಲ್ಲಿಡಬೇಕು. ಅವಳಿಗೆ ಹೇಳಿಲ್ಲ. ಸಿಗದೇ ಹೋದರೆ...

ಮೇ 9
ಕೆಳಹಲ್ಲಿನ ಸಾಲನ್ನ ಮೇಲಿನ ಸೆಟ್ಟಿಗೆ ಕೂರಿಸಿಬಿಟ್ಟೆ. ಲ್ಯಾಬ್ ಯಜಮಾನರು, "ಏನಯ್ಯಾ, ಪೇಷಂಟ್ ತಲೆಕೆಳಗಾಗಿ ಊಟ ಮಾಡಬೇಕಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ಹರಾಜಿನಲ್ಲೂ ಕೋಟು ಹಾಕ್ಕೊಂಡು ಕೂರೋ ವ್ಯಾಪಾರಿ, ಆ ಕೋಟಿನವನೂ ಬರ್ತಾನಂತೆ. ಅವನು ಬಂದರೆ ಹಳೇ ಪ್ಲೇಟು ಒಂದೂ ಬಿಡೋದಿಲ್ಲ, ಬಾಚಿಕೊಂಡೇ ಹೋಗೋದು.

ಮೇ 13, ಬೆಳಿಗ್ಗೆ 11
ಆಸ್ಪತ್ರೆ. ಅಕ್ಕನ ಮಾತಲ್ಲಿ ಗಾಳಿಯೇ ಜಾಸ್ತಿ.
"ನಾಳೆಯಿಂದ ಮಾತಿಲ್ಲ ಕಣೋ. ಇವತ್ತು ಇಲ್ಲೇ ಇರು."
"ಸ್ವಲ್ಪ ಕೆಲಸ ಇದೆ ಅಕ್ಕ. ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ."
"ನನಗಿಂತ ಹಲ್ಲು ಹೆಚ್ಚಾಯ್ತೇನೋ?"
ನಕ್ಕಳು. ಹೊರಟೆ.

ಮೇ 13, ಸಂಜೆ 6
ಸಿಕ್ತು. ಕೋಟಿನವನು ಬೆಲೆ ಏರಿಸಿದ, ನಾನು ಏರಿಸಿದೆ, ಮತ್ತೆ ಏರಿಸಿದ — ಕೊನೆಗೆ ನನ್ನ ಮುಖ ನೋಡಿ ಕೈ ಇಳಿಸಿಬಿಟ್ಟ. ಪ್ಲೇಟು ಎದೆಗವಚಿಕೊಂಡು ಹೊರಗೆ ಬಂದೆ. ಹರಾಜಿನ ಹಾಲ್ ಒಳಗೆ ಫೋನ್ ಸೈಲೆಂಟ್ ಮಾಡಿಸಿದ್ದರು. ತೆಗೆದು ನೋಡಿದೆ. ಅಕ್ಕ. ಏಳು ಸಲ.

ಆಸ್ಪತ್ರೆಗೆ ಓಡಿದೆ. ಮಂಚ ಖಾಲಿ. ಮೂರೂವರೆಗೆ ಉಸಿರು ಕಟ್ಟಿತಂತೆ. ನಾಳೆವರೆಗೆ ಕಾಯೋ ಹಾಗಿರಲಿಲ್ಲ, ಥಿಯೇಟರಿಗೆ ಕರಕೊಂಡು ಹೋದರು, ಅಂದಳು ನರ್ಸ್. "ನಿಮ್ಮನ್ನೇ ಕೇಳ್ತಿದ್ರು ಸರ್."

ಏನಂತ ಕೇಳ್ತಿದ್ದಳೋ. ಪ್ಲೇಟನ್ನ ಅಲ್ಲೇ ನೆಲಕ್ಕೆ ಬಡಿದು ಒಡೆದುಹಾಕೋಣ ಅನ್ನಿಸ್ತು.

ಜೂನ್ 2
ಅಕ್ಕ ಮನೆಗೆ ಬಂದಳು. ಉಸಿರಾಡೋಕೆ ಕುತ್ತಿಗೆಯಲ್ಲಿ ತೂತು. ಪ್ಲೇಟು ಬೀರುವಿನಲ್ಲೇ ಇದೆ. ತೋರಿಸೋ ಧೈರ್ಯ ಇಲ್ಲ.

ಜೂನ್ 19, ಸಂಜೆ
ಗ್ರಾಮಫೋನಿಗೆ ಪ್ಲೇಟು ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ತುಟಿ ಆಡ್ತಿತ್ತು. ಮುಗಿದ ಮೇಲೆ ನೋಟ್‌ಬುಕ್ ಎಳಕೊಂಡು ಬರೆದಳು: "ಮಷೀನು ನಿಧಾನ. ನನ್ನ ಶ್ರುತಿ ಇಷ್ಟು ಕೆಳಗಿರಲಿಲ್ಲ." ನಗಬೇಕೋ ಅಳಬೇಕೋ.

ಆಮೇಲೆ: "ಆವತ್ತು ಇದಕ್ಕೇ ಹೋಗಿದ್ಯಾ?"
ಹೂಂ ಅಂದೆ.
ಪುಟ ತಿರುಗಿಸಿ ಬರೆದಳು: "ಈ ಹಾಡು ನನಗೆ ಬಾಯಿಪಾಠ ಕಣೋ. ಆವತ್ತು ಭಯ ಆಗಿತ್ತು. ನಿನ್ನ ಧ್ವನಿ ಕೇಳಿದ್ರೆ ಸಾಕಿತ್ತು."

ಜೂನ್ 20, ಬೆಳಿಗ್ಗೆ
ರಜ ಹಾಕಿದೆ. ಅವಳ ಹತ್ತಿರ ಕೂತು ಮಾತಾಡಬೇಕು. ಏನು ಮಾತಾಡಲಿ — ಆಪರೇಷನ್ ಆದಾಗಿಂದ ಅವಳ ಮುಂದೆ ನಾನೇ ಮೂಗನಾಗಿದ್ದೀನಿ. ಮಾತ್ರೆ ತಗೊಂಡ್ಯಾ, ನೀರು ಬೇಕಾ, ಅಷ್ಟೇ... ಒಳಗಿಂದ ಲೋಟಕ್ಕೆ ಚಮಚ ಬಡೀತಿದ್ದಾಳೆ. ಈಗ ಕರೆಯೋದು ಹಾಗೇ. ಮತ್ತೆ ಬಡಿದಳು. ಬಂದೆ ಅಕ್ಕ, ಬಂದೆ, ಈಗಲೇ ಬಂದೆ.