ಅರವತ್ತರಲ್ಲಿ ಮೈಯ ಹೆಸರು ಕಲಿತದ್ದು

ಗಜೇಂದ್ರಗಡ
ಫೆಬ್ರವರಿ ಮೂವತ್ತು, ೨೨೧೩

ಪ್ರೀತಿಯ ಸುಮಂಗಲವ್ವನಿಗೆ,

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡ. ನಿನ್ನ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಮಿಗುವ ಐದು ದಿನಗಳಿಗೆ ಬಿಡುದಿನ ಎಂದು ಹೆಸರು, ಆಗ ಊರಿನ ಯಾವ ಮಗ್ಗವೂ ಆಡುವುದಿಲ್ಲ. ಇಂಥ ಅಪರಿಚಿತ ಪದಗಳು ಈ ಕಾಗದದಲ್ಲಿ ಇನ್ನೂ ಕೆಲವು ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ, ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ.

ನಾನು ಕಳಕವ್ವ. ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು. ಹಾಗೆ ನೋಡಿದರೆ ನೀನು ಹಿರಿಯಳು. ಆದರೆ ನನ್ನ ಮುಂದಿರುವ ಈ ನೋಟುಬುಕ್ಕನ್ನು ನೀನು ಬರೆದಾಗ ನಿನಗೆ ಹತ್ತೊಂಬತ್ತು ವರ್ಷ, ನನಗೆ ಈಗ ಅರವತ್ತೊಂದು. ನನ್ನ ಕಿರಿಮಗಳಿಗಿಂತ ಚಿಕ್ಕವಳನ್ನು ಅಜ್ಜಿ ಎನ್ನಲು ಬಾಯಿ ಬರುವುದಿಲ್ಲ. ನಮ್ಮ ಕಡೆ ಹೆತ್ತವಳೂ ಅವ್ವ, ಎತ್ತಿಕೊಂಡ ಹೆಣ್ಣುಕೂಸೂ ಅವ್ವ. ಆದ್ದರಿಂದ ಅವ್ವ ಎಂದೇ ಕರೆಯುತ್ತೇನೆ.

ಕಾಗದ ಹಿಂದಕ್ಕೆ ಹೋಗುವ ದಾರಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೂ ನಮ್ಮ ಶಾಲೆಯಲ್ಲಿ ಕಲಿಕೆ ಮುಗಿಸಿದವರೆಲ್ಲ ತಮಗೆ ವಿದ್ಯೆ ಕೊಟ್ಟ ಹಿಂದಿನವರೊಬ್ಬರಿಗೆ ಕಾಗದ ಬರೆಯಬೇಕು. ಉಳಿದವರು ದೊಡ್ಡ ದೊಡ್ಡ ವೈದ್ಯರಿಗೆ ಬರೆದರು. ನಾನು ನಿನಗೆ ಬರೆಯುತ್ತಿದ್ದೇನೆ.

ಶಾಲೆ ಎಂದೆನಲ್ಲ, ಅದರ ಹೆಸರು ಮೈಶಾಲೆ. ಅದು ಯಾಕೆ ಹುಟ್ಟಿತು ಎಂದು ಹೇಳಬೇಕಾದರೆ ಮೊದಲು ಮೈಕನ್ನಡಿಯ ವಿಷಯ ಹೇಳಬೇಕು. ನಮ್ಮ ಪ್ರತಿ ಮನೆಯ ಗೋಡೆಯಲ್ಲಿ ಬಾಗಿಲಿನಷ್ಟು ಎತ್ತರದ ಗಾಜೊಂದಿದೆ. ಅದರ ಮುಂದೆ ನಿಂತು ನೋವು ಹೇಳಿಕೊಂಡರೆ ಉಪಾಯ ಹೇಳುತ್ತದೆ, ಬೇಕಾದರೆ ಗದಗಿನ ಆಸ್ಪತ್ರೆಯ ಡಾಕ್ಟರರನ್ನೂ ಕರೆಯುತ್ತದೆ. ನನ್ನ ಅಜ್ಜಿಯ ಕಾಲದಲ್ಲಿ ಈ ಕನ್ನಡಿ ಕೇಳದೆಯೇ ಎಲ್ಲರ ಒಳಗನ್ನೂ ನೋಡಿ, ಕಂಡದ್ದನ್ನೆಲ್ಲ ಊರಿಗೆ ಹೇಳಿಬಿಡುತ್ತಿತ್ತಂತೆ. ಮದುವೆಗಳು ಮುರಿದವು, ಕೆಲಸಗಳು ಹೋದವು. ಆಮೇಲೆ ಕಾನೂನು ಬಂತು. ಮೈ ಯಾರದೋ ಅವರು ಹೆಸರು ಹಿಡಿದು ಕೇಳಿದ್ದನ್ನು ಮಾತ್ರ ಕನ್ನಡಿ ಒಳಹೊಕ್ಕು ನೋಡಬೇಕು, ಕೇಳದ್ದನ್ನು ನೋಡಬಾರದು. ಒಳ್ಳೆಯ ಕಾನೂನು. ಆದರೆ ಹೆಸರು ಗೊತ್ತಿಲ್ಲದವರು ಏನು ಮಾಡಬೇಕು? ಅದಕ್ಕೇ ಮೈಶಾಲೆ. ಅಲ್ಲಿ ಪರೀಕ್ಷೆ ಪಾಸಾದವರಿಗೆ ಮೈಮಾತಿನವರು ಎನ್ನುತ್ತಾರೆ. ಅವರು ಮನೆಮನೆಗೆ ಹೋಗಿ, ಜನ ಹೇಳಿಕೊಂಡದ್ದನ್ನು ಕೇಳಿ, ಕನ್ನಡಿಗೆ ತಿಳಿಯುವ ಹೆಸರಿನಲ್ಲಿ ದಾಟಿಸುತ್ತಾರೆ.

ನಲವತ್ತು ವರ್ಷ ಸೀರೆ ನೇಯ್ದ ನನಗೆ ಈ ಕೆಲಸದ ಮೇಲೆ ಆಸೆ ಹುಟ್ಟಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಶಾಲೆಗೆ ಹೆಸರು ಹಚ್ಚಿದೆ. ನಮ್ಮ ಗುರುಗಳು ಶಮಶಾದ್ ಟೀಚರ್, ಇಪ್ಪತ್ತೆಂಟರ ಹುಡುಗಿ. ಮೊದಲ ದಿನವೇ ಮೈಯ ಹತ್ತು ವ್ಯವಸ್ಥೆಗಳನ್ನು ಗೋಡೆಯ ಮೇಲೆ ಬರೆದರು. ಎಲುಬು, ಸ್ನಾಯು, ಚರ್ಮ, ರಕ್ತಪರಿಚಲನೆ, ಉಸಿರಾಟ, ಜೀರ್ಣಾಂಗ, ಮೂತ್ರಾಂಗ, ನರಮಂಡಲ, ನಿರ್ನಾಳ ಗ್ರಂಥಿಗಳು, ಸಂತಾನಾಂಗ. ಅಲ್ಲಿಯವರೆಗೆ ಸರಿ. ಆಮೇಲೆ ಕಾರ್ಡಿಯೋ, ನೆಫ್ರೋ, ಹೆಪಟೋ, ಆಸ್ಟಿಯೋ ಎಂದು ಇಂಗ್ಲಿಷ್ ಹೆಸರುಗಳು ಶುರುವಾದವು. ಈ ಇನ್ನೂರು ವರ್ಷಗಳಲ್ಲಿ ಭಾಷೆಗಳೆಷ್ಟೋ ಬದಲಾದವು, ಇವು ಮಾತ್ರ ಒಂದಕ್ಷರವೂ ಅಲುಗಾಡಿಲ್ಲ. ನಾನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದೆ. ಬೆಳಿಗ್ಗೆ ಕಲಿತದ್ದು ಊಟದ ಹೊತ್ತಿಗೆ ಹಾರಿಹೋಗುತ್ತಿತ್ತು.

ಆಗ ನನ್ನ ಅವ್ವ ಹಳೆಯ ಟ್ರಂಕಿನಿಂದ ನಿನ್ನ ನೋಟುಬುಕ್ಕು ತೆಗೆದು ಕೊಟ್ಟಳು. ತಾಯಿಯಿಂದ ಮಗಳಿಗೆ ಬಂದದ್ದು, ಹಾಳೆ ಪುಡಿಯಾಗದಂತೆ ಯಾರೋ ತೆಳ್ಳನೆಯ ಪೊರೆ ಹಾಕಿಸಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರಿದ ನೇಕಾರರ ಮಗಳು ನೀನು, ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ, ಒಂದೊಂದು ವ್ಯವಸ್ಥೆಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಂಡಿದ್ದೀ. ಇಪ್ಪತ್ಮೂರನೆಯ ಪುಟದ ಅಂಚಿನಲ್ಲಿ ಒಂದು ಮಾತಿದೆ. "ನನಗ ಆಗಂಗಿಲ್ಲ. ನಾಳೆ ಊರಿಗೆ ಹೋಗತೀನಿ. ಅಪ್ಪಗ ಏನ ಹೇಳಲಿ?" ಅವ್ವಾ, ಅದನ್ನು ಓದಿ ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ನನ್ನಂಥವಳು ನನಗಿಂತ ಮುಂಚೆಯೂ ಇದ್ದಳಲ್ಲ ಎಂಬ ಸಮಾಧಾನದ ನಗು. ಪುಟ ತಿರುಗಿಸಿದರೆ ನೀನು ಊರಿಗೆ ಹೋಗಿರಲಿಲ್ಲ. ಅಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ, ಈ ಪದಗಳನ್ನು ಬಾಯಿಪಾಠ ಮಾಡಬಾರದು, ಸೀರೆಯ ಹಾಗೆ ಬಿಚ್ಚಬೇಕು ಎಂದು ಬರೆದಿದ್ದೆ.

ಆ ಒಂದು ಸಾಲಿನಿಂದ ನನ್ನ ಕಣ್ಣು ತೆರೆಯಿತು. ಪದದ ಮುಂದಿನ ತುಂಡು ದಡಿ. ನಡುವಿನದು ಒಡಲು. ಕೊನೆಯದು ಸೆರಗು. ಕಾರ್ಡಿ ಎಂದರೆ ಹೃದಯ, ಅದು ಒಡಲು. ಲಜಿ ಎಂದರೆ ಶಾಸ್ತ್ರ, ಅದು ಸೆರಗು. ನಮ್ಮ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತೇವಲ್ಲ, ಹಾಗೆ ನಡುವೆ ಬರುವ 'ಓ' ಅಕ್ಷರವೇ ಕೊಂಡಿ. ಕಾರ್ಡಿ-ಓ-ಲಜಿ. ಸೆರಗು ಸ್ವರದಿಂದ ಶುರುವಾದರೆ ಕೊಂಡಿಯೇ ಬೇಡ. ಐಟಿಸ್ ಎಂದರೆ ಉರಿಯೂತ, ಅದು ಜಠರ ಎಂಬರ್ಥದ ಗ್ಯಾಸ್ಟ್ರ್ ಎಂಬ ಒಡಲಿಗೆ ನೇರವಾಗಿ ಅಂಟಿಕೊಂಡು ಗ್ಯಾಸ್ಟ್ರೈಟಿಸ್ ಆಗುತ್ತದೆ. ನಾನು ಮಗ್ಗದ ಮೇಲೆ ಕೂತು ಲಾಳಿ ಎಸೆಯುತ್ತ ಪದ ನೇಯತೊಡಗಿದೆ. ಕಂಡ ಕಂಡ ಒಡಲಿಗೆ ಕಂಡ ಕಂಡ ಸೆರಗು ಹಚ್ಚಿ ಜಗತ್ತಿನಲ್ಲಿಲ್ಲದ ಕಾಯಿಲೆಗಳನ್ನೂ ಹುಟ್ಟಿಸಿದೆ. ಶಮಶಾದ್ ಟೀಚರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಷ್ಟಾದರೂ ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಪರೀಕ್ಷಕರು ಇಲಿಯಮ್ ಎಲ್ಲಿದೆ, ಏನು ಮಾಡುತ್ತದೆ ಎಂದು ಕೇಳಿದರು. ನಾನು ಸೊಂಟ ತಟ್ಟಿ ಹೇಳಿದೆ, "ಇಲ್ಲೈತ್ರಿ. ಉಂಡ ಅನ್ನದ ಸಾರ ಹೀರಕೊಳ್ಳತೈತಿ."

"ಸೊಂಟದ ಎಲುಬು ಅನ್ನದ ಸಾರ ಹೀರತದೇನ್ರಿ?"

"ನಮ್ಮ ಮನಿಯಾಗ ಎಲ್ಲಾರು ಉಂಡದ್ದೂ ಸೊಂಟಕ್ಕೇ ಹೋಗತೈತ್ರಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು, ನಕ್ಕು ಫೇಲು ಮಾಡಿದರು. ಮನೆಗೆ ಬಂದು ನಿನ್ನ ನೋಟುಬುಕ್ಕು ತೆರೆದರೆ ನಾನು ಇನ್ನೂ ಓದದ ಪುಟದಲ್ಲಿ ಎರಡು ಇಲಿಗಳ ಚಿತ್ರ. ಒಂದು ಸಣ್ಣ ಕರುಳಿನ ತುದಿಯಲ್ಲಿ ಕೂತು ತಿನ್ನುತ್ತಿದೆ, ಇನ್ನೊಂದು ಸೊಂಟದ ಎಲುಬಿನ ಮೇಲೆ ಸವಾರಿ ಹೊರಟಿದೆ. ಕೆಳಗೆ, "ಕನ್ನಡದಾಗ ಎರಡೂ ಇಲಿಯಮ್. ನೆನಪಿಡು."

ಆ ಸೋಲಿನ ವಾರವೇ ನಾನು ಹೇಳಹೊರಟಿರುವ ಸಂಗತಿ ನಡೆದದ್ದು.

ನನ್ನ ನೆಗೆಣ್ಣಿ ಬಸಲಿಂಗವ್ವ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಐದು ವರ್ಷ ದೊಡ್ಡವಳು. ನಮ್ಮ ಓಣಿಯ ಹನ್ನೆರಡು ಮಗ್ಗಗಳ ಸದ್ದನ್ನು ಮೀರಿ ಕೇಳಿಸುವ ದನಿ ಅವಳದು. ನಲವತ್ತು ವರ್ಷದಲ್ಲಿ ನಾವು ಜಗಳವಾಡದ ವಾರವಿಲ್ಲ. ಅವಳ ಮಗ್ಗ ಎರಡು ತಿಂಗಳಿಂದ ನಿಂತಿತ್ತು. ಭಾನುವಾರ ಅವಳನ್ನು ನೆಳಲಮನೆಗೆ ಕಳಿಸುವುದೆಂದು ಮಗ ಈರಪ್ಪ ತೀರ್ಮಾನಿಸಿದ್ದ. ನೆಳಲಮನೆ ಕೆಟ್ಟ ಜಾಗವಲ್ಲ, ಕೆಲಸ ನಿಂತ ಹಿರಿಯರನ್ನು ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿಗೆ ಹೋದವರ ಮಗ್ಗವನ್ನು ನೇಕಾರರ ಸಂಘ ಬೇರೆಯವರಿಗೆ ಕೊಡುತ್ತದೆ.

ಬುಧವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಏಪ್ರಿಲ್ಲಿನ ಸುಡುಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದಳು.

"ಅಕ್ಕಾ, ನಿನ್ನ ಲಾಳಿ ನಾ ಕೇಳದ ಒಯ್ದಿದ್ದೆ. ದೀಪಾವಳಿಯಿಂದ ನನ್ನ ಹಂತೇಕನ ಐತಿ," ಎಂದೆ. ಬೇಕೆಂದೇ ಹೇಳಿದ್ದು, ಜಗಳಕ್ಕೆ ಕರೆದದ್ದು.

"ಇಟ್ಕೊ," ಎಂದಳು.

ಅವ್ವಾ, ನಲವತ್ತು ವರ್ಷದಲ್ಲಿ ಅವಳು ಜಗಳ ಬಿಟ್ಟುಕೊಟ್ಟದ್ದು ಅದೇ ಮೊದಲು. ದನಿಯೂ ಅವಳದಾಗಿರಲಿಲ್ಲ, ಒಡೆದ ಕೊಳವೆಯಲ್ಲಿ ಗಾಳಿ ಊದಿದಂತಿತ್ತು.

"ಕನ್ನಡಿಗೆ ಹೇಳೀಯಿಲ್ಲೋ?"

"ಹೇಳೀನಲ್ಲ. ಚರ್ಮ ಒಣಗೈತಿ ಅಂದೆ, ಎಣ್ಣಿ ಹಚ್ಚು ಅಂತು. ಹೊಟ್ಟಿ ಸಾಫಾಗವಲ್ದು ಅಂದೆ, ನೀರ ಕುಡಿ ಅಂತು. ಮರವು ಅಂದೆ, ವಯಸ್ಸು ಅಂತು. ಮೈಯಾಗ ಹಸಿ ಮಣ್ಣ ತುಂಬಿದಂಗ ಆಗೈತಿ ಅಂದೆ. ತಿಳೀಲಿಲ್ಲ, ಮತ್ತೊಮ್ಮೆ ಹೇಳ್ರಿ ಅಂತು. ಎಷ್ಟ ಸಲ ಹೇಳಲಿ?"

ಅವಳ ಕೈ ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ. ನಲವತ್ತೊಂಬತ್ತು. ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು. ಮನೆಗೆ ಬಂದು ಹತ್ತು ವ್ಯವಸ್ಥೆಗಳನ್ನು ಬರೆದು, ಒಂದೊಂದರ ಮುಂದೆ ಅವಳು ಹೇಳಿದ್ದನ್ನು ಬರೆದೆ. ಹೃದಯ ನಿಧಾನ. ಕರುಳು ನಿಧಾನ. ನೆನಪು ನಿಧಾನ. ಕೈಕಾಲು ನಿಧಾನ. ಕನ್ನಡಿ ಒಂದೊಂದು ದೂರಿಗೆ ಒಂದೊಂದು ಉತ್ತರ ಕೊಟ್ಟಿತ್ತು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅದಕ್ಕೆ ಯಾರೂ ತೋರಿಸಿರಲಿಲ್ಲ. ಇಷ್ಟು ಜಾಗಗಳನ್ನು ಒಟ್ಟಿಗೆ ಮುಟ್ಟುವುದು ಯಾವುದು? ನಿನ್ನ ನಿರ್ನಾಳ ಗ್ರಂಥಿಗಳ ಪುಟ ತೆರೆದೆ. "ಇವಕ್ಕ ನಾಳ ಇಲ್ಲ. ರಕ್ತದಾಗ ಕೂಡಿ ಊರೆಲ್ಲಾ ಅಡ್ಡಾಡತಾವ. ಥೈರಾಯ್ಡ್, ಗಂಟಲ ಮುಂದ, ಚಿಟ್ಟಿ ಹಂಗ. ಕಡಿಮಿ ಆದ್ರ ಎಲ್ಲಾ ನಿಧಾನ, ಮೈ ತಣ್ಣಗ, ದನಿ ದಪ್ಪ."

ಓಡುತ್ತ ಶಮಶಾದ್ ಟೀಚರ್ ಹತ್ತಿರ ಹೋದೆ. ಅವರು ಹಾಳೆಯನ್ನು ಎರಡು ಸಲ ಓದಿದರು.

"ಕಳಕವ್ವಾರ, ನಿಮ್ಮ ಅನುಮಾನ ಖರೆ ಇರಬೇಕು. ನಾನ ಬಂದು ಕನ್ನಡಿಗೆ ದಾಟಸ್ತೀನಿ."

ಆದರೆ ಬಸಲಿಂಗವ್ವ ಒಪ್ಪಲಿಲ್ಲ. ನನ್ನ ಮೈಯ ಮಾತು ಇನ್ನೊಬ್ಬರ ಬಾಯಲ್ಲಿ ಯಾಕೆ ಎಂದಳು. ಅಷ್ಟು ಬಳಲಿಕೆಯಲ್ಲೂ ಹಟವೊಂದು ಉಳಿದಿತ್ತಲ್ಲ ಎಂದು ನನಗೆ ಸಂತೋಷವೇ ಆಯಿತು. ಹಾಗಾದರೆ ಹೆಸರನ್ನು ಅವಳೇ ಹೇಳಬೇಕು. ಫೇಲಾದವಳು ಆ ದಿನ ಗುರುವಾದಳು.

"ಹೈಪೋ ಅಂದ್ರ ಕಡಿಮಿ. ಅದು ದಡಿ. ಥೈರಾಯ್ಡ್ ಒಡಲು. ಇಸಮ್ ಅಂದ್ರ ಅಂಥಾ ಸ್ಥಿತಿ, ಅದು ಸೆರಗು," ಎಂದು ಅವಳ ಹಳೆಯ ಸೀರೆಯನ್ನೇ ಹಾಸಿ ತೋರಿಸಿದೆ. ಮೊದಲ ದಿನ ಅವಳಿಗೆ ದಡಿಯಷ್ಟೇ ಹತ್ತಿತು. ಎರಡನೆಯ ದಿನ ಒಡಲು ಬಂತು, ದಡಿ ಮರೆತುಹೋಯಿತು. ಕಣ್ಣಲ್ಲಿ ನೀರು ತಂದುಕೊಂಡು, "ಸಾಕ ಬಿಡವಾ, ಭಾನುವಾರ ಹೋಗತೀನಿ," ಎಂದಳು. ನಾನು ನೋಟುಬುಕ್ಕಿನ ಇಪ್ಪತ್ಮೂರನೆಯ ಪುಟವನ್ನು ಅವಳಿಗೆ ಓದಿ ಹೇಳಿದೆ. ಹೋಗತೀನಿ ಎಂದವಳು ಹೋಗಲಿಲ್ಲವೆಂದೂ ಹೇಳಿದೆ. ಅವಳು ಕಂಬಳಿ ಸರಿಮಾಡಿಕೊಂಡು, "ಮತ್ತೊಮ್ಮೆ ಹೇಳು," ಎಂದಳು.

ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಳು. ಈರಪ್ಪ, ಅವನ ಹೆಂಡತಿ, ಟೀಚರ್, ನಾನು ಹಿಂದೆ ನಿಂತಿದ್ದೆವು. ಒಡೆದ ದನಿಯಲ್ಲಿ, ಒಂದೊಂದೇ ತುಂಡಾಗಿ ಹೇಳಿದಳು. "ಹೈಪೋ. ಥೈರಾಯ್ಡ್. ಇಸಮ್. ಅದನ್ನ ನೋಡು."

"ತಿಳಿಯಿತು," ಎಂದಿತು ಕನ್ನಡಿ. "ರಕ್ತ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಇದೆಯೇ?"

"ಒಪ್ಪಿಗಿ ಇಲ್ಲದ ಮೂರ ದಿನ ನಾಲಿಗಿ ತಿರುವೀನೇನು?"

ಈರಪ್ಪ ನಗುತ್ತ ನಗುತ್ತಲೇ ಅತ್ತುಬಿಟ್ಟ. ಸಂಜೆಯೊಳಗೆ ಗದಗಿನ ಡಾಕ್ಟರರ ಉತ್ತರ ಬಂತು. ಅನುಮಾನ ನಿಜವಾಗಿತ್ತು. ನಿನ್ನ ಕಾಲದಂತೆ ನಮ್ಮ ಕಾಲದಲ್ಲೂ ಅದಕ್ಕೆ ಔಷಧ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಸಣ್ಣ ಗುಳಿಗೆ. ಭಾನುವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಮೂರನೆಯ ವಾರಕ್ಕೆ ಕಂಬಳಿ ಪೆಟ್ಟಿಗೆ ಸೇರಿತು. ಏಳನೆಯ ವಾರ ನಾನು ನೇಯುತ್ತ ಕೂತಿದ್ದಾಗ, ಹನ್ನೆರಡು ಮಗ್ಗಗಳ ಸದ್ದನ್ನು ಸೀಳಿಕೊಂಡು ಓಣಿಯ ಆ ತುದಿಯಿಂದ ದನಿ ಬಂತು. "ಕಳಕೀ, ನನ್ನ ಲಾಳಿ ಎಲ್ಲೈತಿ?" ಓಣಿಯ ಹೆಂಗಸರೆಲ್ಲ ಮಗ್ಗ ನಿಲ್ಲಿಸಿ ಹೊರಗೆ ಬಂದರು. ನಾವಿಬ್ಬರೂ ಒಂದು ತಾಸು ಜಗಳವಾಡಿದೆವು. ಅಂಥ ಸುಖದ ಜಗಳವನ್ನು ನಾನು ಜೀವಮಾನದಲ್ಲಿ ಆಡಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಈ ವರ್ಷ ಬಸಲಿಂಗವ್ವನೂ ಮೈಶಾಲೆಗೆ ಸೇರಿದ್ದಾಳೆ. ಮುಂದಿನ ಸಾಲಿನಲ್ಲಿ ಕೂತು ಟೀಚರ್ ಜೊತೆ ವಾದ ಮಾಡುತ್ತಾಳೆ. ನನ್ನನ್ನು ರೋಣದ ಕಡೆಯ ನಾಲ್ಕು ಊರಿಗೆ ಹಾಕಿದ್ದಾರೆ, ನಾಳೆ ಹೊರಡಬೇಕು.

ಸುಮಂಗಲವ್ವ, ನಿನ್ನಲ್ಲಿ ಒಂದು ಕೋರಿಕೆ. ಹೆಸರುಗಳನ್ನೇನೋ ನೀನು ಕಲಿಯುತ್ತೀ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕನ್ನಡಿಗೆ ತಿಳಿಯದೆ ಹೋದದ್ದು ಹಸಿ ಮಣ್ಣಿನ ಮಾತು. ನೀನು ವಾರ್ಡಿಗೆ ಹೋದಾಗ ಹಾಸಿಗೆಯ ಮೇಲಿನ ಹೆಂಗಸರು ಅಂಥ ಮಾತುಗಳನ್ನೇ ಆಡುತ್ತಾರೆ. ತಲೆಯೊಳಗೆ ಗಿರಣಿ ಹಚ್ಚಿದಂತೆ ಎನ್ನುತ್ತಾರೆ, ಕಾಲಲ್ಲಿ ಇರುವೆ ಹರಿದಂತೆ ಎನ್ನುತ್ತಾರೆ. ಡಾಕ್ಟರರು ಅವಸರದಲ್ಲಿರುತ್ತಾರೆ, ಯಾರೂ ಬರೆದುಕೊಳ್ಳುವುದಿಲ್ಲ. ಬರೆದಿಡದ ಆ ಮಾತುಗಳು ನಮ್ಮ ಕನ್ನಡಿಯವರೆಗೆ ಬಂದು ಮುಟ್ಟಲೇ ಇಲ್ಲ. ನೀನು ಬರೆದುಕೋ. ಪುಸ್ತಕದ ಹೆಸರಿನ ಪಕ್ಕದಲ್ಲೇ ಅವರು ಆಡಿದ ಹಾಗೆ, ಅವರ ಬಾಯಿಯ ಕನ್ನಡದಲ್ಲೇ ಬರೆ. ಅವಸರ ಮಾಡಬೇಡ, ಅವರು ಹೇಳಿ ಮುಗಿಸುವವರೆಗೂ ಹತ್ತಿರ ಕೂತಿರು.

ನಿನಗೆ ಮಗಳೂ ಅವ್ವನೂ ಆದ
ಕಳಕವ್ವ