ಕಾಗದದ ಬೆನ್ನ ಮೇಲಿದ್ದ ಉತ್ತರ

ಗಂಗೊಳ್ಳಿ ತೇಲೂರು,
ಕಡಲೇರಿದ ನೂರ ಎಂಬತ್ತೆರಡನೆಯ ವರ್ಷ, ಶ್ರಾವಣದ ತೊಂಬತ್ತೊಂದನೆಯ ದಿನ.

ಜಲಜಾಕ್ಷಿ ಅಜ್ಜಿಗೆ, ನಿಮ್ಮ ಏಳನೆಯ ತಲೆಮಾರಿನ ಕುಡಿ ಮೂಕಾಂಬು ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೂ ಶ್ರಾವಣವೇ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಬರಹ ಓದಿ ಓದಿ ಕಲಿತದ್ದು. ಹಿಂದಕ್ಕೆ ಕಾಗದ ಕಳಿಸುವ ದಾರಿ ನಮಗೂ ಸಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮೇಲೆ ನನಗೆ ಕೋಪ ಬಂದಿದೆ.

ತೇಲೂರು ಎಂದರೆ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿಕೊಂಡ ಊರು. ನೀರು ಏರಿದರೆ ಮನೆಯೂ ಏರುತ್ತದೆ, ಇಳಿದರೆ ಒಲೆಯ ಮೇಲಿನ ಗಂಜಿ ಸಮೇತ ಇಳಿಯುತ್ತದೆ. ಪಾಚಿಯ ಹಿಟ್ಟಿನ ದೋಸೆ ತಿನ್ನುತ್ತೇವೆ, ಅಭ್ಯಾಸವಾದರೆ ರುಚಿಯೇ. ನನ್ನ ಕೆಲಸಕ್ಕೆ ಮರುಬರಹ ಎಂದು ಹೆಸರು. ಉಪ್ಪುಗಾಳಿಗೆ ಯಂತ್ರಗಳು ಇಪ್ಪತ್ತು ವರ್ಷ ಬಾಳುವುದಿಲ್ಲ, ಹಾಗಾಗಿ ಅವು ಸಾಯುವ ಮೊದಲು ಅವುಗಳ ಹೊಟ್ಟೆಯಲ್ಲಿ ಇದ್ದುದನ್ನೆಲ್ಲ ಕೈಯಲ್ಲಿ ಬರೆದಿಡುತ್ತೇವೆ. ಕಡತಶಾಲೆಯಲ್ಲಿ ಕುಳಿತು ನೀವು ಸ್ಕ್ಯಾನ್ ಮಾಡಿದ ಹಳೆಯ ಕಾಗದಗಳು ನನ್ನ ಪಾಲಿಗೆ ಬಂದದ್ದು ಹೀಗೆ.

ಅವುಗಳಲ್ಲಿ ಒಂದು, ನಿಮಗಿಂತ ಆರುನೂರು ವರ್ಷ ಹಿಂದಿನದು. ಬಸರೂರಿನ ವರ್ತಕರು ಕಡಲಾಚೆಯ ಅರಬರ ಬಂದರಿಗೆ ಬರೆದದ್ದು. ನಮ್ಮ ಹಡಗು ಒಡೆದಿದೆ, ನಮ್ಮ ಹದಿನೇಳು ಮಂದಿ ನಿಮ್ಮ ದಡ ಸೇರಿದ್ದಾರಂತೆ, ಗಾಳಿ ತಿರುಗುವವರೆಗೆ ಅವರಿಗೆ ನೆಲೆ ಕೊಡಿ ಎಂದು ಕನ್ನಡದಲ್ಲಿದೆ. ಕೆಳಗೆ ಅರಬಿ ಸಾಲುಗಳಿವೆ, ಯಾರೋ ದುಭಾಷಿ ಅದನ್ನೇ ಬರೆದಿರಬೇಕು. ಕನ್ನಡದ ಕೊನೆಯ ಸಾಲಿನಲ್ಲಿ, ಉತ್ತರವನ್ನು ಇದೇ ಕಾಗದದ ಬೆನ್ನ ಮೇಲೆ ಬರೆದು ಕಳಿಸಿ ಎಂದಿದೆ. ಕಾಗದ ಬಸರೂರಿಗೆ ಮರಳಿತ್ತು. ಅಂದರೆ ಉತ್ತರವೂ ಬಂದಿತ್ತು.

ಅದರ ಪಕ್ಕದಲ್ಲಿ ನಿಮ್ಮ ಟಿಪ್ಪಣಿ: "ಹಿಂಬದಿ ಅರಬಿ. ಆ ವಿಭಾಗದವರು ನೋಡಿಕೊಳ್ಳುತ್ತಾರೆ. — ಜಲಜಾಕ್ಷಿ."

ಯಾರೂ ನೋಡಿಕೊಳ್ಳಲಿಲ್ಲ, ಅಜ್ಜಿ. ನೀವು ಮುಂಬದಿಯನ್ನಷ್ಟೇ ಸ್ಕ್ಯಾನ್ ಮಾಡಿ, ಕನ್ನಡದ ಬದಿ ನಿಮಗೆ, ಅರಬಿಯ ಬದಿ ಇನ್ನೊಬ್ಬರಿಗೆ ಎಂದು ಒಂದೇ ಹಾಳೆಯನ್ನು ಹಂಚಿಕೊಂಡಿರಿ. ಆ ಇನ್ನೊಬ್ಬರು ಬರಲೇ ಇಲ್ಲ. ಆಮೇಲೆ ಮೂಲ ಕಾಗದದ ಸಮೇತ ಕಡತಶಾಲೆಯ ಕಟ್ಟಡವೇ ಕಡಲ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಇದೇಕೆ ಎಂದು ಕೇಳುತ್ತೀರಿ. ಹೋದ ತಿಂಗಳು ಆಚೆ ದಡದಿಂದ ಒಂದು ದೋಣಿ ಬಂತು. ಅವರ ಊರಿನಲ್ಲಿ ಬಿಸಿಲಿಗೆ ಬಾಳುವಂತಿಲ್ಲವಂತೆ. ನಲವತ್ತಮೂರು ಮಂದಿ, ಅರಬಿ ಆಡುವವರು. ನಮಗೇ ಹಲಗೆ ಸಾಲದು. ಅವರನ್ನು ವಾಪಸು ಕಳಿಸಬೇಕೆಂದು ಪಂಚಾಯತಿಯಲ್ಲಿ ಬಹಳ ಮಂದಿ ಹೇಳಿದರು. ನಮಗೂ ಅವರಿಗೂ ಎತ್ತಣ ಸಂಬಂಧ ಎಂಬ ಮಾತು ಎದ್ದಿತು. ನಾನು ಆ ಕಾಗದದ ಮರುಬರಹ ಹಿಡಿದು ಎದ್ದು ನಿಂತೆ, ಓದಿದೆ. ಅವರೇನು ಉತ್ತರ ಕೊಟ್ಟರು ಎಂದು ಎಲ್ಲರೂ ಕೇಳಿದರು.

ಅಜ್ಜಿ, ತಪ್ಪೊಪ್ಪಿಕೊಳ್ಳುತ್ತೇನೆ, ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಇಡೀ ಊರಿನಲ್ಲಿ ಅಷ್ಟು ಹಳೆಯ ಬರಹ ಓದಬಲ್ಲವಳು ನಾನೊಬ್ಬಳೇ. ನೆಲೆ ಕೊಟ್ಟರು ಎಂದಿದ್ದರೆ ಯಾರು ಪರೀಕ್ಷಿಸುತ್ತಿದ್ದರು? ಆದರೆ ಮರುಬರಹದವಳು ಒಂದು ಸಾಲು ಹುಟ್ಟಿಸಿದರೆ, ಅವಳು ಬರೆದಿಟ್ಟ ಉಳಿದ ಸಾಲುಗಳನ್ನು ನಂಬುವವರು ಯಾರು? ಹಿಂಬದಿ ನನ್ನ ಬಳಿ ಇಲ್ಲ, ಅದನ್ನು ಕಳೆದವರು ನಮ್ಮ ಮನೆಯವರೇ ಎಂದು ಹೇಳಿ ಕುಳಿತೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪಂಚಾಯತಿಯ ಹಿರಿಯಳು ನಾಗವೇಣಿ ಖಾರ್ವಿ ಹೇಳಿದಳು: "ಅವ್ರ್ ಎಂತ ಹೇಳಿರೋ ಗೊತ್ತಿಲ್ಲೆ. ಕೇಂಡದ್ ನಾವೇ ಅಲ್ದಾ? ಕೇಂಡವ್ರಿಗೆ ಕೇಂಬುದ್ ಎಷ್ಟ್ ಕಷ್ಟ ಅಂದೇಳಿ ಗೊತ್ತಿರ್ಕ್."

ಅಂದು ನೆಲೆ ಕೇಳಿದವರು ನಾವೇ, ಕೇಳುವ ಕಷ್ಟ ನಮಗೆ ಗೊತ್ತಿರಬೇಕು ಎಂಬ ಆ ಮಾತಿನ ಮೇಲೆ, ಗಾಳಿ ತಿರುಗುವವರೆಗೆ ಅವರು ಇಲ್ಲಿರಲಿ ಎಂದು ತೀರ್ಮಾನವಾಯಿತು. ಆಮೇಲೆ ಮತ್ತೆ ಪಂಚಾಯತಿ ಸೇರುತ್ತದೆ. ಏನಾಗುತ್ತದೋ ಕಾಣೆ. ಸದ್ಯ ನಮ್ಮ ಮನೆಯಲ್ಲಿ ಸಲ್ಮಾ ಎಂಬ ಮುದುಕಿ ಇದ್ದಾಳೆ. ಪಾಚಿಯ ದೋಸೆ ಕಂಡರೆ ಮುಖ ಕಿವುಚುತ್ತಾಳೆ, ಆದರೂ ಎರಡು ತಿನ್ನುತ್ತಾಳೆ. ನಾನು ಅವಳಿಂದ ದಿನಕ್ಕೆ ಐದು ಅರಬಿ ಮಾತು ಕಲಿಯುತ್ತಿದ್ದೇನೆ. ಇನ್ನು ಮೇಲೆ ನಮ್ಮ ಮರುಬರಹದಲ್ಲಿ ಆ ವಿಭಾಗ, ಈ ವಿಭಾಗ ಎಂಬುದಿಲ್ಲ.

ಕೋಪ ಬರೆಯುತ್ತ ಬರೆಯುತ್ತ ಇಳಿದಿದೆ. ಒಂದೇ ಬೇಡಿಕೆ. ಯಾವ ಪವಾಡದಿಂದಲೋ ಇದು ನಿಮಗೆ ಮುಟ್ಟಿದರೆ, ಹಾಳೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ತಿರುಗಿಸಿ. ಓದಲು ಬಾರದಿದ್ದರೂ ಚಿತ್ರ ತೆಗೆದಿಡಿ. ಇಲ್ಲ, ಜಾಗವಿಲ್ಲ ಎಂದು ಬರೆದಿದ್ದರೂ ತೆಗೆದಿಡಿ. ನನ್ನ ವಾದ ಬಿದ್ದುಹೋದರೆ ಬೀಳಲಿ. ಆ ಹದಿನೇಳು ಮಂದಿಗಾಗಿ ಬಸರೂರಿನ ದಡದಲ್ಲಿ ಹೆಂಗಸರು ಕಾದಿರಬೇಕು. ಹೋದವರು ಮನೆಗೆ ಬಂದರೋ ಇಲ್ಲವೋ, ನಮಗೆ ಇನ್ನೂ ಗೊತ್ತಿಲ್ಲ.