ಅಂಗೈಯ ಎಲುಬುಗಳು

ಭೀಮಾ ನದಿ ದಿಕ್ಕು ಬದಲಿಸಿದ ಅರವತ್ತನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ಇನ್ನೂರು ವರ್ಷ ಹಿಂದಿನವರಿಗೆ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಸಮಾಧಿ ಕಲ್ಲುಗಳಿಂದ ಕಲಿತೆ. ನಾನು ಎಲುಬೋದುಗ, ಅಂದರೆ ಹೂತವರ ಎಲುಬು ನೋಡಿ ಅವರಿಗೆ ಏನಾಯಿತೆಂದು ಹೇಳುವವನು. ನದಿ ಬಿಟ್ಟುಹೋದ ಹಳೆಯ ದಂಡೆಯ ನೆಲದಲ್ಲಿ ನೆಲೆಸಬೇಕಾದರೆ ನಮ್ಮಲ್ಲಿ ನೆಲಸಾಕ್ಷಿ ಬೇಕು: ಬೇರೆಲ್ಲೂ ಅಲ್ಲ, ಅಲ್ಲಿಯೇ ಮೊದಲು ಮಣ್ಣಾದ ತಮ್ಮ ಮನೆತನದ ಒಬ್ಬ ಹಿರಿಯರು. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಯಾರೋ ಯಾರದೋ ಅಜ್ಜನನ್ನು ಕದ್ದು ತಂದು ಹೂಳುತ್ತಾರೆ. ಅದನ್ನು ಹಿಡಿಯುವುದೇ ನನ್ನ ಕೆಲಸ.

ಕಲ್ಲವ್ವ ಎಂಬಾಕೆಯ ಕುಟುಂಬ ತೋರಿಸಿದ್ದು ಒಂದು ಲಿಂಗಾಯತ ಸಮಾಧಿ, ಹೆಂಗಸಿನದು. ನೀವು ದೇಹವನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿಯೊಡನೆ ಹೂಳುತ್ತಿದ್ದಿರಿ. ಇಲ್ಲಿ ವಿಭೂತಿಯಿತ್ತು. ತಲೆಬುರುಡೆ ಮಡಿಲಿಗೆ ಇಳಿದಿತ್ತು, ಕೂತ ದೇಹ ಕರಗಿದರೆ ಅದೂ ಸರಿಯೇ. ಲಿಂಗವೂ ಇತ್ತು. ಆದರೆ ಅದನ್ನು ಹಿಡಿದಿರಬೇಕಾದ ಅಂಗೈಯ ಎಲುಬು ಒಂದೂ ಇರಲಿಲ್ಲ. ಕಾಲ್ಬೆರಳುಗಳೂ ಇಲ್ಲ. ಹಳೆಯ ಗುಂಡಿಯಿಂದ ಎತ್ತುವಾಗ ಹಿಂದೆ ಉಳಿದುಬಿಡುವುದು ಈ ಚಿಕ್ಕ ಎಲುಬುಗಳೇ. ಆಕೆಯನ್ನು ಬೇರೆಲ್ಲಿಂದಲೋ ತಂದು ಕೂರಿಸಿದ್ದಾರೆ.

ಇದನ್ನು ಹೇಳಿದಾಗ ಕಲ್ಲವ್ವ ನಕ್ಕಳು. “ಹಂಗಂದ್ರ ನಮ್ಮ ಮುತ್ತಜ್ಜೀ ಅಜ್ಜಿ ಕೈ ಇಲ್ದ ರೊಟ್ಟಿ ಬಡದಾಳೇನ್ರೀ ಸಾಹೇಬ್ರ?”

ನಗುವವರನ್ನು ನಾನು ಹೆಚ್ಚು ಅನುಮಾನಿಸುತ್ತೇನೆ. ಆದರೆ ಪಕ್ಕೆಲುಬುಗಳ ನಡುವೆ ತೂರಿದ್ದ ಬೇವಿನ ಬೇರನ್ನು ಕೊಯ್ದು, ಅದರ ವರ್ಷದ ಉಂಗುರಗಳನ್ನು ಎಣಿಸಿದೆ. ಅದು ಇವರ ಅಜ್ಜಂದಿರಿಗಿಂತ ಹಳೆಯದು. ತಂದವರು ಇವರಲ್ಲ, ನೀವು.

ಏಕೆ ತಂದಿರಿ? ಕೊಂದು ಎಲ್ಲೋ ಹೂತವರು ಆಮೇಲೆ ಎತ್ತಿ ತಂದು, ಹೀಗೆ ವಿಭೂತಿಯಿಟ್ಟು ಕೂರಿಸಿ, ಸಹಜ ಸಾವೆಂದು ಊರನ್ನು ನಂಬಿಸಿದ್ದನ್ನು ನಾನು ಕಂಡಿದ್ದೇನೆ. ಅಣೆಕಟ್ಟಿಗೆ ಊರು ಮುಳುಗುವಾಗ ತಾಯಿಯನ್ನು ಬಿಟ್ಟುಬರಲಾಗದೆ ಎತ್ತಿ ತಂದವರೂ ಇದ್ದಾರು. ಎಲುಬಿನ ಮೇಲೆ ಗಾಯವಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಒಳ್ಳೆಯದನ್ನು ಊಹಿಸಿ ಬರೆಯುವವನು ನಾನಲ್ಲ. ಬರೆದರೂ ತಂದ ಎಲುಬನ್ನು ಕಾನೂನು ಒಪ್ಪುವುದಿಲ್ಲ. ಕಲ್ಲವ್ವನ ಮನೆಯವರು ನಾಳೆ ಜಾಗ ಬಿಡಬೇಕು.

ಈಗ ಅವರು ಗುಂಡಿಯ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸುತ್ತಿದ್ದಾರೆ. ಬೇರೆ ಯಾರದೋ ಬೆರಳು ಬೆರೆಸಿಯಾರೆಂದು ನಾನು ಪಕ್ಕದಲ್ಲೇ ಕಾವಲು ಕೂತಿದ್ದೇನೆ.

“ಒಂದ್ ಹಲ್ಲು ಸಿಗವಲ್ದು,” ಅಂದಳು ಕಲ್ಲವ್ವ, ತಲೆ ಎತ್ತದೆ. “ಅಕಿನ್ನ ಒಯ್ಯೂದಂದ್ರ ಪೂರಾ ಒಯ್ಯಬೇಕಲ್ರೀ.”

ಹಿಂದಿನವರೇ, ಕೋರಿಕೆ ಇಷ್ಟೇ. ನಿಮ್ಮವರನ್ನು ಹೊತ್ತು ತರುವುದಾದರೆ ಮಣ್ಣು ಸೋಸಿ, ಬೆರಳುಗಳನ್ನೂ ತನ್ನಿ. ಬಿಟ್ಟು ಬಂದರೆ ನನ್ನಂಥವನೊಬ್ಬ ಕೂತು, ನಿಮ್ಮನ್ನು ಮಕ್ಕಳೆಂದು ಬರೆಯಲೋ ಕೊಲೆಗಾರರೆಂದು ಬರೆಯಲೋ ಎಂದು ಯೋಚಿಸಬೇಕಾಗುತ್ತದೆ.

ಮಲ್ಹಾರಿ, ಎಲುಬೋದುಗ